ಕುಪ್ಪಿಯ ಹಿಂದಿನ ಸೀಟು

ಕೊಟ್ಟೂರಿನಿಂದ ಕೂಡ್ಲಿಗಿಯ ಕಡೆ ಹೊರಟರೆ, ಊರು ಮುಗಿಯುವ ಮೊದಲು ಬಲಗಡೆಗೆ ಒಂದೇ ತಗಡಿನ ಮಾಡಿನ ಕೆಳಗೆ ಎರಡು ಅಂಗಡಿಗಳಿವೆ. ಒಂದರಲ್ಲಿ ಹುಲುಗೇಶ್ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಇನ್ನೊಂದರಲ್ಲಿ ಅವನ ಹೆಂಡತಿ ಗೀತಮ್ಮ ಸೀಟು ಹೊಲಿಯುತ್ತಾಳೆ. ಬೈಕಿನ ಸೀಟು, ಟ್ರ್ಯಾಕ್ಟರಿನ ಸೀಟು, ಆಟೋದ ಹುಡ್ಡು, ಅಪರೂಪಕ್ಕೆ ಕ್ಷೌರದಂಗಡಿಯ ಕುರ್ಚಿ. ಮೂವತ್ತು ವರ್ಷಗಳಿಂದ ಇದೇ ಕೆಲಸ. ಮೊದಮೊದಲು ಹೆಂಗಸು ಹೊಲಿದ ಸೀಟಿನ ಮೇಲೆ ಕೂರಲು ಕೆಲವರಿಗೆ ಮುಜುಗರವಿತ್ತು. ಹೊಲಿಗೆ ಬಿಚ್ಚಿಕೊಳ್ಳದಿರುವುದನ್ನು ಕಂಡ ಮೇಲೆ ಮುಜುಗರ ಬಿಟ್ಟರು.

ಸೀಟು ಬಿಚ್ಚಿ ನೋಡಿದರೆ ಅದರ ಮೇಲೆ ಕೂತವನ ಚಾಳಿಯೆಲ್ಲ ತಿಳಿಯುತ್ತದೆ ಎಂದು ಅವಳಿಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು. ಗೀತಮ್ಮ ಆ ವಿದ್ಯೆಯಲ್ಲಿ ಉಸ್ತಾದರನ್ನೂ ಮೀರಿಸಿದಳು. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ಸ್ಕೂಟರಿನ ಸೀಟು ತಂದುಕೊಟ್ಟರು. ರೆಕ್ಸಿನ್ ಬಿಚ್ಚಿ ಒಳಗಿನ ಸ್ಪಂಜಿನ ಮೇಲೆ ಕೈಯಾಡಿಸಿದ ಗೀತಮ್ಮ, "ಸಾಹೇಬ್ರ, ಪಾಕೀಟು ಬಲಗಡಿ ಹಿಂದಿನ ಕಿಸೆದಾಗ ಇಟಗೊಂಡು ಗಾಡಿ ಹೊಡೀಬ್ಯಾಡ್ರಿ, ಟೊಂಕ ಹೋಗತೈತಿ" ಎಂದಳು. ಮ್ಯಾನೇಜರು ಮೂರು ತಿಂಗಳಿಂದ ಟೊಂಕಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು. ಅಂದಿನಿಂದ ಅವರು ಅವಳನ್ನು ಡಾಕ್ಟರಮ್ಮ ಎಂದೇ ಕರೆಯತೊಡಗಿದರು.

ಇಷ್ಟೆಲ್ಲ ತಿಳಿದ ಹೆಂಗಸು ತನ್ನ ತಂದೆಯ ವಿಷಯದಲ್ಲಿ ಮಾತ್ರ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ತಪ್ಪು ತಿಳಿದಿದ್ದಳು.

ತಂದೆ ಬೊಮ್ಮಯ್ಯ ಕೊಟ್ಟೂರಿನ ಶೇಂಗಾ ವ್ಯಾಪಾರಿ ಗುರುಶಾಂತಪ್ಪ ಸಾಹುಕಾರರಲ್ಲಿ ಡ್ರೈವರ್ ಆಗಿದ್ದ. ಸಾಹುಕಾರರ ಕಾರು ಎರಡೇ ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಬಾಗಿಲು ಕಡಿಮೆಯಿದ್ದರೆ ಮಕ್ಕಳು ಬೀಳುವ ಭಯ ಕಡಿಮೆ ಎಂದು ಸಾಹುಕಾರರು ಅದನ್ನೇ ಆರಿಸಿ ತಂದಿದ್ದರಂತೆ. ಅಂಥ ಕಾರಿನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟನ್ನು ಯಾರಾದರೂ ಬಗ್ಗಿಸಿ ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳುವವನು ಬೊಮ್ಮಯ್ಯ. ಎಂಟು ವರ್ಷದ ಗೀತಿ ಶಾಲೆಗೆ ಹೋಗುವಾಗ ಬಜಾರಿನಲ್ಲಿ ದಿನವೂ ಅದನ್ನು ನೋಡುತ್ತಿದ್ದಳು. ಸಾಹುಕಾರರು, ಅವರ ಹೆಂಡತಿ, ಮಕ್ಕಳು ಒಬ್ಬೊಬ್ಬರಾಗಿ ಹತ್ತುವವರೆಗೂ ಅಪ್ಪ ಸೊಂಟ ಬಗ್ಗಿಸಿ ಸೀಟು ಹಿಡಿದು ನಿಂತಿರುತ್ತಿದ್ದ. ಅವನ ಅಂಗಿಯ ಬೆನ್ನು ಬೆವರಿನಿಂದ ಮೈಗೆ ಅಂಟಿಕೊಂಡಿರುತ್ತಿತ್ತು. ಒಂದು ದಿನ ಅಪ್ಪ ಕೆರೆಯ ಹತ್ತಿರ ಕಾರು ತೊಳೆಯುತ್ತಿದ್ದಾಗ ಅವಳು, ಹಿಂದಿನ ಸೀಟಿನ ಮೇಲೆ ಒಂದು ಸಲ ಕೂರುತ್ತೇನೆ ಎಂದು ಕೇಳಿದಳು. ಬೊಮ್ಮಯ್ಯ ಬಕೆಟ್ಟು ಕೆಳಗಿಟ್ಟು, "ಬ್ಯಾಡವ್ವ. ಅದು ನಮ್ಮ ಸೀಟಲ್ಲ" ಎಂದ.

ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಹುಡುಗಿ ಬೆಳೆದು, ಮದುವೆಯಾಗಿ, ಅಂಗಡಿ ಹಾಕಿ, ಇದ್ದೊಬ್ಬ ಮಗಳು ಚಂದನಾಳನ್ನು ಹರಪನಹಳ್ಳಿಗೆ ಕೊಟ್ಟು, ಐವತ್ತು ದಾಟಿದ ಮೇಲೂ ಅದು ಅಲ್ಲಿಯೇ ಇತ್ತು. ಸಾಹುಕಾರರು ಆಮೇಲೆ ಅಂಬಾಸಿಡರ್ ಕೊಂಡರು. ಹೆರಾಲ್ಡ್ ಗೋದಾಮು ಸೇರಿತು. ಸಾಹುಕಾರರು ತೀರಿಕೊಂಡರು. ಬೊಮ್ಮಯ್ಯ ಕೆಲವು ವರ್ಷ ಲಾರಿ ಓಡಿಸಿ, ಕಣ್ಣು ಮಂಜಾದ ಮೇಲೆ ಮಗಳ ಮನೆಗೆ ಬಂದ. ಈಗ ಅವನಿಗೆ ಎಪ್ಪತ್ತೊಂಬತ್ತು. ಕುಳ್ಳ, ತೆಳ್ಳನೆಯ ಆಳು. ತಲೆಗೆ ಇವತ್ತಿಗೂ ಔಡಲೆಣ್ಣೆ ಹಚ್ಚುತ್ತಾನೆ. ದಿಂಬಿನ ಕವರು ವಾರಕ್ಕೆ ಎರಡು ಸಲ ಒಗೆಯಬೇಕಾಗುತ್ತದೆ.

ಸಾಹುಕಾರರ ಮೊಮ್ಮಗ ಅರುಣಕುಮಾರ್ ಗೋದಾಮು ಕೆಡವಿಸುತ್ತಾನೆ ಎಂಬ ಸುದ್ದಿ ಬಂದಾಗ ಗೀತಮ್ಮ ಗಂಡನನ್ನು ಕರೆದುಕೊಂಡು ಹೋದಳು. ಕಾರು ಹರಿದ ಗೋಣಿಚೀಲಗಳ ಕೆಳಗೆ ಮೂಗಿನವರೆಗೂ ಹೂತುಹೋಗಿತ್ತು. ಟೈರುಗಳು ನೆಲಕ್ಕೆ ಅಂಟಿದ್ದವು. ಇಲಿಗಳು ಎಂಜಿನ್ನಿನ ಹತ್ತಿರವೇ ಸಂಸಾರ ಹೂಡಿದ್ದವು.

"ಇದು ಬರೇ ಕಾರಲ್ಲ ಗೀತಕ್ಕ, ಕೂಪೆ," ಎಂದ ಅರುಣಕುಮಾರ್. "ಎರಡು ಬಾಗಿಲಿಂದಕ್ಕ ಹಂಗಂತಾರ. ಫೋನಿನ್ಯಾಗ ನೋಡೀನಿ. ಭಾಳ ಕಿಮ್ಮತ್ತು ಐತಿ."

ಹುಲುಗೇಶ್ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೇ ಒಂದು ಸುತ್ತು ಬಂದ. "ಕುಪ್ಪಿ ಅಂದ್ರ ಒಪ್ತೀನಿ ನೋಡ್ರಿ. ನಮ್ಮ ಹಿತ್ತಲದಾಗೂ ಒಂದು ಕುಪ್ಪಿ ಐತಿ, ಫೋನಿನ್ಯಾಗ ಹಾಕಿಲ್ಲ ಅಷ್ಟ."

ಗೊಬ್ಬರವೋ ಕಸವೋ ಗುಡ್ಡೆ ಹಾಕಿದ್ದರೆ ಈ ಕಡೆ ಅದನ್ನು ಕುಪ್ಪಿ ಎನ್ನುತ್ತಾರೆ. ಅರುಣಕುಮಾರನಿಗೂ ನಗು ಬಂತು. ನಗು ಬಂದ ಮೇಲೆ ಕಿಮ್ಮತ್ತು ಇಳಿಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆದು ತಂದರು. ಅದಕ್ಕೆ ಕುಪ್ಪಿ ಎಂಬ ಹೆಸರೇ ನಿಂತಿತು.

ಅಂದು ಊಟಕ್ಕೆ ಕೂತಾಗ ಗೀತಮ್ಮ ಹೇಳಿದಳು: "ಯಪ್ಪಾ, ಸಾಹುಕಾರ್ರ ಕಾರು ತಂದೀವಿ."

"ಯಾವುದು, ಅಂಬಾಸಿಡರ್ರಾ?"

"ಅಲ್ಲ. ಎರಡು ಬಾಗಿಲಿಂದು."

ಬೊಮ್ಮಯ್ಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅದನ್ಯಾಕ ತಂದ್ರಿ? ಅದರ ಪಾಡಿಗಿ ಅದು ಗುಜರಿಗಿ ಹೋಗ್ತಿತ್ತು."

"ರೆಡಿ ಮಾಡ್ತೀವಿ. ರೆಡಿ ಆದ ಮ್ಯಾಲ ನೀ ಹಿಂದಿನ ಸೀಟಿನ್ಯಾಗ ಕುಂಡ್ರಬೇಕು. ನಾ ಸೀಟು ಬಗ್ಗಿಸಿ ಹಿಡೀತೀನಿ, ಇವರು ಗಾಡಿ ಹೊಡೀತಾರ. ಒಂದ ಸಲ. ಬಜಾರದಾಗ ಹಾದು ಬರೋಣ."

"ನಾ ಹಿಂದ ಕುಂಡ್ರಂಗಿಲ್ಲ."

"ಯಾಕ?"

"ಕುಂಡ್ರಂಗಿಲ್ಲ ಅಂದ್ರ ಕುಂಡ್ರಂಗಿಲ್ಲ. ಸಾರು ಹಾಕು."

ಹಳೆಯ ಹೆದರಿಕೆ ಇನ್ನೂ ಹೋಗಿಲ್ಲ ಎಂದುಕೊಂಡು ಗೀತಮ್ಮ ಸಾರು ಹಾಕಿದಳು. ಕಾರು ಸಿದ್ಧವಾಗಲಿ, ಆಗ ನೋಡೋಣ ಎಂದು ಸುಮ್ಮನಾದಳು.

ಸಿದ್ಧವಾಗಲು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಟ್ರ್ಯಾಕ್ಟರುಗಳ ಮಧ್ಯೆ ಬಿಡುವು ಸಿಕ್ಕಾಗ ಹುಲುಗೇಶ್ ಕೈಹಾಕುತ್ತಿದ್ದ. ಮೊದಲ ದಿನ ಬಾನೆಟ್ಟು ತೆಗೆಯಲು ಅವನು ಗಾಜಿನ ಕೆಳಗಿನ ಸಂದಿಯಲ್ಲಿ ಅರ್ಧ ಗಂಟೆ ಸ್ಕ್ರೂಡ್ರೈವರ್ ಆಡಿಸಿದ. ಎರಡು ಪಕ್ಕದ ಚಿಲಕ ಬಿಚ್ಚಿ ಎತ್ತಿದರೆ, ದೀಪ, ಮಡ್‌ಗಾರ್ಡು ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡಿತು. "ಇದು ಬಾಯಿ ತೆರೀತದ ಲೇ, ಬಾನೆಟ್ಟಲ್ಲ," ಎಂದು ಅವನು ತಗಡಿನ ಕೆಲಸದ ಮೌನೇಶನನ್ನು ಕೂಗಿದ. ಮೌನೇಶ್ ಬಂದು ನೆಲದ ತಗಡಿಗೆ ಬೆರಳು ಒತ್ತಿದ. ಬೆರಳು ತೂರಿ ಕೆಳಗಿನ ಮಣ್ಣು ಮುಟ್ಟಿತು.

"ಅಕ್ಕಾ, ಇದರಾಗ ಕುಂತ್ರ ಕಾಲು ಓಡಿಸಬೇಕಾಕೈತಿ," ಎಂದ ಮೌನೇಶ್.

"ನಮ್ಮಪ್ಪಗ ಎಪ್ಪತ್ತೊಂಬತ್ತು. ಅವನ ಕೈಲಿ ಓಡಾಕ ಆಗಂಗಿಲ್ಲ. ತಗಡು ಹಾಕು," ಎಂದಳು ಗೀತಮ್ಮ.

ಈ ಕಾರಿನ ಮೈಯನ್ನು ಬೋಲ್ಟು ಬಿಚ್ಚಿ ಭಾಗ ಭಾಗವಾಗಿ ಇಳಿಸಬಹುದಾಗಿದ್ದುದು ಅವರ ಪುಣ್ಯ. ಇಳಿಸಿದ ಭಾಗಗಳು ಅಂಗಡಿ ತುಂಬಿ ಮನೆಯ ಅಂಗಳಕ್ಕೂ ಬಂದವು. ಒಂದು ಬಾಗಿಲು ತಿಂಗಳುಗಟ್ಟಲೆ ತುಳಸಿಕಟ್ಟೆಗೆ ಒರಗಿತ್ತು. ದಾರಿಯಲ್ಲಿ ಹೋಗುವವರು, "ಹುಲುಗೇಶಣ್ಣಾ, ಉಳಿದೆರಡು ಬಾಗಿಲು ಯಾವಾಗ ಬರ್ತಾವು?" ಎಂದು ಕೇಳುವುದು ವಾಡಿಕೆಯಾಯಿತು. ಬ್ರೇಕಿನ ರಬ್ಬರು ಕೊಯಮತ್ತೂರಿನಿಂದ ಬಂತು. ಕಾರ್ಬೊರೇಟರು ಯಾರದೋ ಕೈಯಿಂದ ಯಾರದೋ ಕೈ ಸೇರಿ ಹೊಸಪೇಟೆಯ ಬಸ್ಸಿನಲ್ಲಿ ಬಂತು. ಕಾಗದಪತ್ರ ಹೆಸರಿಗೆ ಮಾಡಿಸಿಕೊಳ್ಳಲು ಗೀತಮ್ಮ ಏಳು ಸಲ ಓಡಾಡಿದಳು. ಏಳು ಸಲವೂ ಒಂದು ಕಾಗದ ಕಡಿಮೆಯಿತ್ತು. ಎಂಟನೆಯ ಸಲ ಅವಳು ಮನೆಯಲ್ಲಿದ್ದ ಕಾಗದವನ್ನೆಲ್ಲ ಗಂಟುಕಟ್ಟಿಕೊಂಡು ಹೋದಳು. ಕೆಲಸ ಆಯಿತು.

ಬೊಮ್ಮಯ್ಯ ಇಷ್ಟು ದಿನವೂ ಒಮ್ಮೆಯೂ ಅಂಗಡಿಯ ಕಡೆ ಬರಲಿಲ್ಲ. ಮನೆ ಅಂಗಡಿಯ ಹಿಂದೆಯೇ ಇದೆ. ಚಹಾದ ಹೋಟೆಲಿಗೆ ಹೋಗಲು ಅಂಗಡಿಯ ಮುಂದಿನದೇ ಹತ್ತಿರದ ದಾರಿ. ಅವನು ಹಿತ್ತಲ ಬಾಗಿಲಿನಿಂದ ಹೊರಟು, ಎರಡು ಓಣಿ ಬಳಸಿ, ಮೊಣಕಾಲು ನೋಯಿಸಿಕೊಂಡು ಹೋಗುತ್ತಿದ್ದ. ಆದರೆ ಸಂಜೆ ಹೊರಸಿನ ಮೇಲೆ ಕೂತಾಗ, ಯಾರನ್ನೂ ನೋಡದೆ, ಒಂದು ಪ್ರಶ್ನೆ ಹಾಕುತ್ತಿದ್ದ: "ಗೇರಿನ ಕಡ್ಡಿ ಅಲಗಾಡ್ತಿತ್ತು. ನೋಡಿದ್ರೇನು?" ಇನ್ನೊಂದು ದಿನ: "ಎಡಗಡಿ ಬಾಗಿಲು ಎತ್ತಿ ಹಾಕಬೇಕು. ದೂಕಿದ್ರ ಬೀಳಂಗಿಲ್ಲ." ಹುಲುಗೇಶ್ ನೋಡಿದರೆ ಹಾಗೆಯೇ ಇರುತ್ತಿತ್ತು. "ಮಾವಾರೆ, ನೀವು ಬಂದು ಒಂದು ದಿನ ನಿಂತ್ರ ನಂದು ತಿಂಗಳ ಕೆಲಸ ಉಳಿತೈತಿ," ಎಂದರೆ, "ನನ್ನ ಕಣ್ಣು ಕಾಣಂಗಿಲ್ಲಪ್ಪ," ಎನ್ನುತ್ತಿದ್ದ. ರಸ್ತೆಯ ಆಚೆ ಬದಿಯ ಕೋಳಿ ಯಾರದೆಂದು ಹೇಳುವಷ್ಟು ಅವನ ಕಣ್ಣು ಕಾಣುತ್ತಿತ್ತು.

ಕಾರಿನ ಕೆಲಸದಲ್ಲಿ ಸೀಟು ಎಲ್ಲಕ್ಕಿಂತ ಕೊನೆಗೆ. ಬಣ್ಣ ಒಣಗಿ, ಗಾಜು ಕೂತು, ಎಂಜಿನ್ನು ಸದ್ದು ಮಾಡಿದ ಮೇಲೆ, ಅಟ್ಟದ ಮೇಲೆ ಚೀಲ ಹೊದಿಸಿಟ್ಟಿದ್ದ ಸೀಟುಗಳನ್ನು ಗೀತಮ್ಮ ಇಳಿಸಿದಳು. ಮುಂದಿನವೆರಡನ್ನು ಮುಗಿಸಿದಳು. ಒಂದು ಮಧ್ಯಾಹ್ನ ಹಿಂದಿನ ಉದ್ದ ಸೀಟನ್ನು ಮೇಜಿನ ಮೇಲೆ ಮಲಗಿಸಿ ಹೊಲಿಗೆ ಬಿಚ್ಚಿದಳು. ಅದಕ್ಕೆಂದು ದಾಳಿಂಬೆ ಬಣ್ಣದ ಒಳ್ಳೆಯ ರೆಕ್ಸಿನ್ ಮೊದಲೇ ತಂದಿಟ್ಟಿದ್ದಳು.

ಮೇಲಿನ ರೆಕ್ಸಿನ್ ಸರಿಸಿದರೆ ಗೋಣಿತಟ್ಟು, ಅದರ ಕೆಳಗೆ ತೆಂಗಿನ ನಾರಿನ ಪದರ, ಅದರ ಕೆಳಗೆ ಸ್ಪ್ರಿಂಗು. ಅಭ್ಯಾಸದಂತೆ ಅವಳ ಅಂಗೈ ನಾರಿನ ಮೇಲೆ ಓಡಿತು. ಎಡಗಡೆ ಅಗಲವಾದ ತಗ್ಗು. ಅದು ಸಾಹುಕಾರರದು, ಅವರು ತೂಕದ ಮನುಷ್ಯರು. ನಡುವೆ ಮಕ್ಕಳು ಕುಣಿದ ಗುರುತು. ಬಲಗಡೆಗೆ ಬಂದಾಗ ಕೈ ನಿಂತಿತು. ಅಲ್ಲಿ ಒಂದು ತಗ್ಗಿತ್ತು. ಅಗಲವಿಲ್ಲ, ಆಳ ಇದೆ. ಕೂತವರಿಂದ ಬೀಳುವ ತಗ್ಗು ಅದಲ್ಲ. ಮಗ್ಗುಲಾಗಿ ಮಲಗಿದವನ ಟೊಂಕದ ಮೂಳೆ ಊರಿದಾಗ ಬೀಳುವ ತಗ್ಗು. ಅವಳು ಎಡಗಡೆಯ ತುದಿಗೆ ಬಂದು ಗೋಣಿತಟ್ಟನ್ನು ಬೆಳಕಿಗೆ ಹಿಡಿದಳು. ತಲೆಯಷ್ಟು ಅಗಲದ ಕಪ್ಪು ಕಲೆ ರೆಕ್ಸಿನ್ನಿನ ಹೊಲಿಗೆಯಿಂದ ಒಳಗಿಳಿದು ನಾರಿನವರೆಗೂ ಹೋಗಿತ್ತು. ಮೂಸಿ ನೋಡಿದಳು. ನಲವತ್ತು ವರ್ಷದ ಮೇಲೆ ವಾಸನೆ ಉಳಿದಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಆ ಸೀಟಿನ ಅಳತೆಯಲ್ಲಿ ಮುದುಡಿ ಮಲಗಬಲ್ಲ ಕುಳ್ಳ ಆಳು ಒಬ್ಬನೇ, ಅಂಥ ಕಲೆಯ ದಿಂಬಿನ ಕವರನ್ನು ಅವಳು ವಾರಕ್ಕೆ ಎರಡು ಸಲ ಒಗೆಯುತ್ತಿದ್ದಳು.

ಇನ್ನೂ ಒಂದು ಸಂಗತಿ ಇತ್ತು. ಟೊಂಕದ ತಗ್ಗಿನ ಜಾಗದಲ್ಲಿ ಮಾತ್ರ ನಾರು ಎರಡು ಪದರ. ಕೆಳಗಿನದು ಹಳೆಯದು, ಮೇಲಿನದು ಆಮೇಲೆ ತುಂಬಿದ್ದು. ತುಂಬಿದ ತುಂಡಿನ ಸುತ್ತ ಹಾಕಿದ ಹೊಲಿಗೆಯ ಗಂಟು ಎಡಕ್ಕೆ ತಿರುವಿದ ಜೋಡಿ ಗಂಟು. ಕೊಟ್ಟೂರಿನಲ್ಲಿ ಹಾಗೆ ಗಂಟು ಹಾಕುತ್ತಿದ್ದವರು ಉಸ್ತಾದರು. ಈಗ ಹಾಕುವವಳು ಅವಳು.

ಗೀತಮ್ಮ ಕೈ ಒರೆಸಿಕೊಂಡು ಮನೆಗೆ ಹೋದಳು. ಬೊಮ್ಮಯ್ಯ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಅವಳು ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಯಪ್ಪಾ, ಆ ಕಾರಿನ ಹಿಂದಿನ ಸೀಟಿನ ಮ್ಯಾಲ ನೀ ಯಾವಾಗರ ಕುಂತೀಯೇನು?"

"ಇಲ್ಲ."

"ನಿಜ ಹೇಳು."

ಬೊಮ್ಮಯ್ಯ ಎರಡು ಕಾಯಿ ಸುಲಿದ. "ಕುಂತಿಲ್ಲವ್ವ," ಎಂದ. "ಮಲಗೀನಿ."

ಅವಳು ಕಾದಳು.

"ದಾವಣಗೇರಿಗಿ ಹೋದ್ರ ಸಾಹುಕಾರ್ರು ಲಾಡ್ಜಿಗಿ ಹೋಗೋರು. ಗಾಡಿ ಬಿಟ್ಟು ಎಲ್ಲೂ ಹೋಗಬ್ಯಾಡ ಅಂತ ಹೇಳಿರ್ತಿದ್ರು. ಮುಂದ ಕುಂತು ಕುಂತು ಕುತ್ತಿಗಿ ಹಿಡಕಂತಿತ್ತು. ಒಂದಿನ ಹಿಂದಕ ಹೋಗಿ ಮುದುಡಿಕೊಂಡೆ. ಏನ್ ನಿದ್ದಿ ಅಂತೀ. ನಿಮ್ಮವ್ವ ಹಾಸಿದ ಹಾಸಿಗಿ ಮ್ಯಾಲೂ ಅಂಥ ನಿದ್ದಿ ಬಂದಿಲ್ಲ, ಪಾಪ ಆಕಿಗಿ ಹೇಳಿಲ್ಲ. ಹದಿನೆಂಟು ವರ್ಷ ಹಂಗ. ಎದ್ದ ಕೂಡಲೆ ಬಟ್ಟಿಲೆ ಒರಸಿ ಇಡ್ತಿದ್ದೆ."

"ನಾ ಕೇಳಿದಾಗ ಅದು ನಮ್ಮ ಸೀಟಲ್ಲ ಅಂದಿ."

"ನೀ ಒಂದ ಸಲ ಕುಂತಿದ್ರ ಓಣಿಗೆಲ್ಲ ಸಾರಿ ಬರ್ತಿದ್ದಿ. ನಾಳಿಂದ ನನ್ನ ನಿದ್ದಿ ಹೋಗ್ತಿತ್ತು."

ಗೀತಮ್ಮನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. "ಅಂಗಡಿ ಕಡಿ ಬರದಿದ್ದುದೂ ಇದಕ್ಕೇನು?"

"ನೀ ಸೀಟು ಬಿಚ್ಚತೀ ಅಂತ ಗೊತ್ತಿತ್ತು. ನೀ ಬಿಚ್ಚಿದ್ರ ಏನೂ ಮುಚ್ಚಿಡಾಕ ಆಗಂಗಿಲ್ಲ ಅಂತನೂ ಗೊತ್ತಿತ್ತು." ಅವನು ಸಿಪ್ಪೆಗಳನ್ನು ಒಂದು ಕಡೆ ಸರಿಸಿದ. "ಸಂಬಳ ಕೊಟ್ಟೋರ ಸೀಟಿಗಿ ಅವರಿಗಿ ಹೇಳದ ಎಣ್ಣಿತಲಿ ಇಟ್ಟೀನಿ. ಈ ವಯಸ್ಸಿನ್ಯಾಗ ಮಗಳ ಕೈಯಾಗ ಸಿಕ್ಕಿಬೀಳಬೇಕಾತು."

"ಅವರಿಗೆ ಗೊತ್ತಿತ್ತು."

"ಯಾರಿಗಿ?"

"ಸಾಹುಕಾರ್ರಿಗಿ. ಇಲ್ಲಾಂದ್ರ ಅವರ ಮನಿಯಮ್ಮಾರಿಗಿ. ನಿನ್ನ ಟೊಂಕದ ಕೆಳಗ ತೆಗ್ಗು ಬಿದ್ದಿತ್ತು. ಅಷ್ಟ ಜಾಗಕ್ಕ ಬ್ಯಾರೆ ನಾರು ತುಂಬಿಸ್ಯಾರ. ಉಸ್ತಾದರ ಗಂಟು ಐತಿ. ಹೇಳದಿದ್ರ ಅವರು ಒಂದು ಎಳಿ ನಾರು ಹೆಚ್ಚಿಗಿ ಹಾಕೋರಲ್ಲ."

ಇದರಿಂದ ಸಾಹುಕಾರರು ದೊಡ್ಡ ಮನುಷ್ಯರೆಂದು ತೀರ್ಮಾನಿಸಬೇಕಾಗಿಲ್ಲ. ಒಂದು ಕೋಣೆ ಹಿಡಿದು ಕೊಡಬಹುದಿತ್ತು. ಹದಿನೆಂಟು ವರ್ಷ ಅವರು ಅದನ್ನು ಮಾಡಲಿಲ್ಲ, ನಾರು ತುಂಬಿಸಿದರು. ಆದರೆ ಬೊಮ್ಮಯ್ಯನಿಗೆ ಬೇಕಾಗಿದ್ದುದು ಆ ಲೆಕ್ಕವಲ್ಲ. ಅವನು ಇನ್ನೊಂದು ಕಾಯಿ ಸುಲಿದ. ಆಮೇಲೆ, "ಅದಕ್ಕ ನಡುವ ಒಂದು ಸಲ ಮೆತ್ತಗಾತು," ಎಂದ. "ನನ್ನ ಮೈಗೆ ರೂಢಿ ಆತು ಅನ್ಕಂಡಿದ್ದೆ."

ಮರುದಿನ ಬೆಳಿಗ್ಗೆ ಅವನು ಮುಂದಿನ ದಾರಿಯಿಂದಲೇ ಹೊರಟು ಅಂಗಡಿಗೆ ಬಂದ. ಕಾರಿನ ಸುತ್ತ ಒಂದು ಬಾರಿ ನಡೆದ. ಎಡಗಡೆಯ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಿದ. ಸರಿಯಾಗಿ ಕೂತಿತು. ಸ್ಟೇರಿಂಗಿನ ನಡುವೆ ಒತ್ತಿ, "ಹಾರ್ನು ಇದಲ್ಲ, ಇದು ಆಟೋದ್ದು," ಎಂದ. ಹುಲುಗೇಶ್ ತಲೆ ತಗ್ಗಿಸಿದ. ಅದು ಆಟೋದ್ದೇ.

"ಈಗರ ಹಿಂದ ಕುಂಡ್ರತೀಯೇನು?" ಎಂದಳು ಗೀತಮ್ಮ.

"ಎದ್ದ ಹಾಸಿಗಿ ಮ್ಯಾಲ ಕುಂತು ಬಜಾರದಾಗ ಯಾರರ ಮೆರವಣಿಗಿ ಹೋಗ್ತಾರೇನು?" ಬೊಮ್ಮಯ್ಯ ಮುಂದಿನ ಎಡಗಡೆಯ ಸೀಟನ್ನು ನೋಡುತ್ತಿದ್ದ. ಅದರ ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದ. "ಇದು ಹೆಂಗಿರತೈತಿ ಅಂತ ನನಗ ಗೊತ್ತ ಇಲ್ಲ. ಇದರಾಗ ಗುಮಾಸ್ತ ಕುಂಡ್ರತಿದ್ದ. ನಾ ಇಲ್ಲಿ ಕುಂತ್ರ ಗಾಡಿ ಹೊಡಿಯೋರು ಯಾರು?"

ತಮಾಷೆಗೆ ಅಂದ ಮಾತು. ಗೀತಮ್ಮ ಮಾತ್ರ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಊರಿನ ಅರ್ಧ ಜನರನ್ನು ಆಸ್ಪತ್ರೆಗೆ, ಮದುವೆಗೆ, ಮಂಡಿಗೆ ಕರೆದೊಯ್ದ ಈ ಮನುಷ್ಯನನ್ನು ಯಾರೂ ಯಾವತ್ತೂ ಒಂದು ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಎಲ್ಲಿಗೂ ಕರೆದೊಯ್ದಿರಲಿಲ್ಲ. ತಾನು ಹಿಡಿದದ್ದು ತಪ್ಪು ಸೀಟು ಎಂದು ಅವಳಿಗೆ ಆಗ ಅರ್ಥವಾಯಿತು.

"ನಾ ಹೊಡೀತೀನಿ," ಎಂದಳು.

"ನಿನಗೆಲ್ಲಿ ಬರತೈತಿ?"

"ಕಲೀತೀನಿ."

"ಅಳಿಯ ಹೊಡೀಲಿ ಬಿಡವ್ವ."

"ನಿನ್ನ ಅಳಿಯ ಹಿಂದ ಮಲಗ್ತಾನ. ನಾರು ಹೊಸದು ಹಾಕ್ತೀನಿ."

ರೈಲ್ವೆ ಸ್ಟೇಷನ್ನಿನ ಆಚೆಯ ಬಯಲಿನಲ್ಲಿ ಅವಳು ಎರಡು ತಿಂಗಳು ಕಲಿತಳು. ಕಲಿಸಿದವನು ಹುಲುಗೇಶ್. ಗಂಡ ಕಲಿಸುವುದು, ಹೆಂಡತಿ ಕಲಿಯುವುದು ಎಂದರೆ ಹೇಗಿರಬೇಕೋ ಹಾಗೇ ಇತ್ತು. ಮೂರನೆಯ ವಾರ ಅವನು ಇಳಿದು ನಡೆದೇ ಮನೆಗೆ ಬಂದ. ಅವಳು ಅವನ ಹಿಂದೆಯೇ ಮೊದಲ ಗೇರಿನಲ್ಲಿ ಕಾರು ತಂದಳು. ಲೈಸೆನ್ಸೂ ಬಂತು.

ಒಂದು ಭಾನುವಾರ ಬೆಳಿಗ್ಗೆ, ಕೂಡ್ಲಿಗಿಗೆ ಹೋಗಿ ಒಗ್ಗರಣೆ ಮಿರ್ಚಿ ತಿಂದು ಬರುವುದೆಂದು ಹೊರಟರು. ಗೀತಮ್ಮ ತನ್ನ ಸೀಟು ಬಗ್ಗಿಸಿ ಹಿಡಿದಳು. ಹುಲುಗೇಶ್ ತೂರಿ ಹಿಂದೆ ಕೂತು, "ಸಾಹುಕಾರ್ರು ಕುಂತಾರ, ನಡೀರಿ," ಎಂದ. ಬೊಮ್ಮಯ್ಯನ ಬಾಗಿಲು ತೆರೆಯಲು ಅವಳು ಸುತ್ತಿ ಬಂದರೆ, "ನನಗ ಕೈ ಅದಾವು," ಎಂದು ಅವನೇ ತೆರೆದುಕೊಂಡು ಎಡಗಡೆಯ ಸೀಟಿನ ಮೇಲೆ ಕೂತ. ಒಗೆದ ಬಿಳಿ ಅಂಗಿ. ಎಣ್ಣೆ ಹಚ್ಚಿದ ತಲೆಗೆ ಟವೆಲ್ ಸುತ್ತಿದ್ದ. ಸೀಟಿಗೆ ಕಲೆಯಾಗಬಾರದು.

ಊರು ದಾಟುವವರೆಗೆ ಅವನ ಬಾಯಿ ಸುಮ್ಮನಿರಲಿಲ್ಲ. "ಗೇರು ಇಳಿಸು. ಎಮ್ಮಿ ನೋಡು. ಹಾರ್ನು ಹಾಕು, ಅಂವ ಕಿವುಡ ಅದಾನ." ಬಾಯಿಗಿಂತ ಹೆಚ್ಚು ಅವನ ಬಲಗಾಲು ಕೆಲಸ ಮಾಡುತ್ತಿತ್ತು. ಎದುರಿಗೆ ಏನು ಬಂದರೂ ಅದು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಾಲಡಿಯಲ್ಲಿ ಮೌನೇಶ್ ಹಾಕಿದ ಹೊಸ ತಗಡು ಒಂದೊಂದು ಸಲಕ್ಕೂ ಟಣ್ ಎನ್ನುತ್ತಿತ್ತು. ಗೀತಮ್ಮ ರಸ್ತೆ ನೋಡುತ್ತಿದ್ದಳು.

ಏರು ಹತ್ತಿ ಇಳಿಯುವಲ್ಲಿ ಕುರಿಹಿಂಡು ರಸ್ತೆ ತುಂಬಿಕೊಂಡಿತ್ತು. ಅದರ ಆಚೆಯಿಂದ ಒಂದು ಲಾರಿ ಬರುತ್ತಿತ್ತು. ಬೊಮ್ಮಯ್ಯನ ಕಾಲು ತಗಡಿಗೆ ಊರಿತು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗೀತಮ್ಮ ಗೇರು ಇಳಿಸಿ, ಎಡಕ್ಕೆ ಸರಿದು, ಮಣ್ಣಿನ ಅಂಚಿನಲ್ಲಿ ಕಾರು ನಿಲ್ಲಿಸಿದ್ದಳು. ಲಾರಿ ಹೋಯಿತು. ಕುರಿಗಳು ಕಾರಿನ ಎರಡೂ ಬದಿಗೆ ಮೈ ಉಜ್ಜಿಕೊಂಡು ಹಾದುಹೋದವು. ಕೊನೆಯ ಮರಿ ದಾಟುವವರೆಗೆ ಅವಳು ಕಾದಳು. ಆಮೇಲೆ ಕ್ಲಚ್ಚು ಬಿಟ್ಟು ಮೆಲ್ಲಗೆ ಹೊರಟಳು.

ಬೊಮ್ಮಯ್ಯ ಬಾಯಿ ಮುಚ್ಚಿದ. ಸ್ವಲ್ಪ ದೂರ 'ಟಣ್' ಸದ್ದು ಕೇಳಲಿಲ್ಲ. ಗೀತಮ್ಮ ಓರೆಗಣ್ಣಿನಿಂದ ನೋಡಿದಳು. ಅವನು ಚಪ್ಪಲಿ ಬಿಟ್ಟು, ಒಂದೊಂದೇ ಕಾಲು ಮೇಲೆತ್ತಿ, ಮನೆಯ ಪಡಸಾಲೆಯಲ್ಲಿ ಕೂತಂತೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಕಿಟಕಿಯಿಂದ ಹೊರಗಿನ ಜೋಳದ ಹೊಲ ನೋಡುತ್ತಿದ್ದ.

"ನಿಧಾನ ಹೊಡಿ," ಎಂದ. "ಕೂಡ್ಲಿಗಿ ಲಗೂನ ಬಂದುಬಿಡತೈತಿ."